ರೋಗಾಣುವಿನ ಕತ್ತರಿ, ವೈದ್ಯರ ಅಳತೆಗೋಲು

ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಥರ್ಮಾಮೀಟರ್ ಇಟ್ಟು ನೋಡುತ್ತೇವೆ. ತಲೆ ಸುತ್ತಿದರೆ ಬಿ.ಪಿ. ನೋಡಿಸುತ್ತೇವೆ. ಸಕ್ಕರೆ ಕಾಯಿಲೆಯವರು ಇರುವ ಮನೆಯಲ್ಲಂತೂ ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತವನ್ನು ಪಟ್ಟಿಗೆ ತಾಗಿಸಿದರೆ ಸಾಕು, ಅಂಗೈಯಗಲದ ಯಂತ್ರವೇ ಲೆಕ್ಕ ಹೇಳಿಬಿಡುತ್ತದೆ. ಅಳೆಯುವುದು ಇಷ್ಟು ಸುಲಭವಾಗಿರುವ ಈ ಕಾಲದಲ್ಲಿ ಒಂದು ಪ್ರಶ್ನೆ. ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್ ಮಾತ್ರೆಯನ್ನು ನುಂಗಿದಿರಲ್ಲ, ಅದರಲ್ಲಿ ಎಷ್ಟು ಪಾಲು ನಿಮ್ಮ ರಕ್ತಕ್ಕೆ ಸೇರಿತು? ಎಷ್ಟು ಹೊತ್ತು ಅಲ್ಲಿ ಉಳಿಯಿತು? ಯಾರಾದರೂ ಅಳೆದು ನೋಡಿದ್ದಾರೆಯೆ?

ಇಲ್ಲ. ಬಹಳಷ್ಟು ಸಲ ನೋಡುವ ಅಗತ್ಯವೂ ಇರುವುದಿಲ್ಲ. ಆಂಟಿಬಯಾಟಿಕ್, ಅಂದರೆ ಪ್ರತಿಜೀವಕಗಳಲ್ಲಿ ಪೆನಿಸಿಲಿನ್ನಿನಂಥವು ಸಾಕಷ್ಟು ಉದಾರಿಗಳು. ಪ್ರಮಾಣ ಸ್ವಲ್ಪ ಹೆಚ್ಚು ಕಡಿಮೆಯಾದರೂ ಅವುಗಳಿಂದ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಆದರೆ ಎಲ್ಲ ರೋಗಿಗಳೂ ಒಂದೇ ತೆರನಲ್ಲ, ಎಲ್ಲ ಪ್ರತಿಜೀವಕಗಳೂ ಉದಾರಿಗಳಲ್ಲ. ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿ, ಆಗತಾನೇ ಹುಟ್ಟಿದ ಕೂಸು, ಮೈ ಸುಟ್ಟುಕೊಂಡವರು, ಮೂತ್ರಪಿಂಡ ಸೋತವರು – ಇವರ ದೇಹ ಔಷಧವನ್ನು ಹೊರಹಾಕುವ ವೇಗ ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ. ಒಬ್ಬರಲ್ಲೇ ಇಂದಿನಿಂದ ನಾಳೆಗೂ ಬದಲಾಗುತ್ತದೆ. ಜೆಂಟಾಮೈಸಿನ್ ಎಂಬ ಔಷಧವನ್ನೇ ನೋಡಿ. ಕಡಿಮೆಯಾದರೆ ರೋಗಾಣು ಉಳಿದುಕೊಳ್ಳುತ್ತದೆ. ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು, ಕಿವಿಗೂ ಪೆಟ್ಟು. ಹಾಗೆ ಹೋದ ಶ್ರವಣಶಕ್ತಿ ಮರಳಿ ಬಾರದೆಯೂ ಇರಬಹುದು.

ಇಂಥ ರೋಗಿಗಳಿಗೆ ವೈದ್ಯರು ರಕ್ತ ತೆಗೆದು ಪ್ರಯೋಗಶಾಲೆಗೆ ಕಳಿಸುತ್ತಾರೆ. ಉತ್ತರ ಬರಲು ಕೆಲವು ಗಂಟೆಗಳಾದರೂ ಬೇಕು. ಆ ಸೌಲಭ್ಯ ಇಲ್ಲದ ಊರಿನಲ್ಲಿ ದಿನಗಳೇ ಬೇಕು. ಅಷ್ಟರಲ್ಲಿ ಮುಂದಿನ ಇಂಜೆಕ್ಷನ್ನಿನ ಹೊತ್ತು ಬಂದಿರುತ್ತದೆ. ಸಕ್ಕರೆ ಅಳೆದಂತೆ ಪ್ರತಿಜೀವಕವನ್ನೂ ಹಾಸಿಗೆಯ ಪಕ್ಕದಲ್ಲೇ ಅಳೆಯಲು ಬಂದರೆ? ವಿದ್ಯುತ್ತಿನ ನೆರವಿನಿಂದ ಅದನ್ನು ಮಾಡಬಹುದು ಎನ್ನುತ್ತಾರೆ ರಸಾಯನ ವಿಜ್ಞಾನಿಗಳು. ಅದಕ್ಕಾಗಿ ಅವರು ಕಟ್ಟಿರುವ ಸಾಧನವೇ ವಿದ್ಯುತ್‌ರಾಸಾಯನಿಕ ಸಂವೇದಕ. ಹೆಸರು ಉದ್ದವಾಯಿತೆಂದು ಹೆದರಬೇಡಿ. ಒಳಗಿನ ತತ್ತ್ವ ಹೈಸ್ಕೂಲಿನ ಪಾಠದಷ್ಟೇ ಸರಳ.

ಮೂತ್ರದಿಂದ ಮರಳಿ ಪಡೆದ ಔಷಧ

ಕಥೆ ಆರಂಭವಾಗುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಅಲೆಗ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಗುರುತಿಸಿದ ಪೆನಿಸಿಲಿನ್ನನ್ನು ಹೊವಾರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್ ಮತ್ತು ನಾರ್ಮನ್ ಹೀಟ್ಲಿ ಅಲ್ಲಿ ಔಷಧವಾಗಿ ರೂಪಿಸುತ್ತಿದ್ದರು. 1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಗ್ಸಾಂಡರ್ ಎಂಬ 43 ವರ್ಷದ ಪೊಲೀಸ್ ಪೇದೆಗೆ ಅದನ್ನು ಚುಚ್ಚಿದರು. ಮುಖ, ತಲೆಯೆಲ್ಲ ಕೀವುಗಟ್ಟಿ ಆತ ಒಂದು ಕಣ್ಣನ್ನೇ ಕಳೆದುಕೊಂಡಿದ್ದ. ಔಷಧ ಒಳಹೋದ ಮೇಲೆ ಜ್ವರ ಇಳಿಯಿತು, ಊಟ ಸೇರಿತು. ಎಲ್ಲರೂ ಬೆರಗಾದರು.

ಆದರೆ ಇದ್ದ ಪೆನಿಸಿಲಿನ್ ಚಿಟಿಕೆಯಷ್ಟು. ಅದೂ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವ ವಸ್ತುವಲ್ಲ. ಅದರ ಬಹುಪಾಲನ್ನು ಮೂತ್ರಪಿಂಡಗಳು ಕೆಲವೇ ಗಂಟೆಗಳಲ್ಲಿ ಹೊರಗೆ ಕಳಿಸಿಬಿಡುತ್ತವೆ. ವಿಜ್ಞಾನಿಗಳು ಆ ರೋಗಿಯ ಮೂತ್ರವನ್ನು ಪ್ರಯೋಗಶಾಲೆಗೆ ಒಯ್ದು, ಅದರಲ್ಲಿದ್ದ ಪೆನಿಸಿಲಿನ್ನನ್ನು ಬೇರ್ಪಡಿಸಿ ಮತ್ತೆ ಅವನಿಗೇ ಚುಚ್ಚಿದರು! ಅದೂ ಮುಗಿಯಿತು. ರೋಗಾಣುಗಳು ಮತ್ತೆ ತಲೆಯೆತ್ತಿದವು. ಮಾರ್ಚ್ 15ರಂದು ಆತ ತೀರಿಕೊಂಡ. ಔಷಧ ಸರಿಯಾದದ್ದೇ ಆಗಿತ್ತು. ಸಾಲದೆ ಹೋದದ್ದು ಅದರ ಪ್ರಮಾಣ.

ಆ ದಿನಗಳಲ್ಲಿ ಪೆನಿಸಿಲಿನ್ ಎಷ್ಟಿದೆಯೆಂದು ಅಳೆಯುತ್ತಿದ್ದುದು ಹೇಗೆ? ಗಾಜಿನ ತಟ್ಟೆಯಲ್ಲಿ ರೋಗಾಣುಗಳನ್ನು ಬಿತ್ತಿ, ಮೇಲೆ ಪುಟ್ಟ ಕೊಳವೆಗಳನ್ನು ನಿಲ್ಲಿಸಿ, ಅವುಗಳಲ್ಲಿ ಪರೀಕ್ಷಿಸಬೇಕಾದ ದ್ರವವನ್ನು ತುಂಬಿ ಇಡೀ ರಾತ್ರಿ ಬೆಚ್ಚಗೆ ಇಡುವುದು. ಔಷಧ ಸೋರಿ ಹರಡಿದಲ್ಲೆಲ್ಲ ರೋಗಾಣು ಬೆಳೆಯದೆ ಕೊಳವೆಯ ಸುತ್ತ ಬಿಳಿಚಿದ ಬಳೆ ಮೂಡುತ್ತದೆ. ಬಳೆ ಅಗಲವಾದಷ್ಟೂ ಔಷಧ ಹೆಚ್ಚು. ಹೀಟ್ಲಿ ರೂಪಿಸಿದ ಈ ವಿಧಾನ ಜಾಣತನದ್ದೇ. ಆದರೆ ಉತ್ತರಕ್ಕೆ ಮರುದಿನದವರೆಗೆ ಕಾಯಬೇಕು.

ಶತ್ರುವಿನ ಕತ್ತರಿ

ಇದೇ ಪ್ರಯೋಗಶಾಲೆಯಿಂದ ಇನ್ನೊಂದು ಸುದ್ದಿ ಆಗಲೇ ಹೊರಬಿದ್ದಿತ್ತು. ಆ ಪೊಲೀಸ್ ಪೇದೆಗೆ ಚುಚ್ಚುಮದ್ದು ಕೊಡುವುದಕ್ಕೆ ಒಂದೂವರೆ ತಿಂಗಳು ಮೊದಲು, 1940ರ ಡಿಸೆಂಬರಿನಲ್ಲಿ, ಎಡ್ವರ್ಡ್ ಏಬ್ರಹಾಂ ಮತ್ತು ಚೈನ್ ಅವರು 'ನೇಚರ್' ಪತ್ರಿಕೆಯಲ್ಲಿ ಪುಟ್ಟ ವರದಿಯೊಂದನ್ನು ಪ್ರಕಟಿಸಿದರು. ಕೆಲವು ಬ್ಯಾಕ್ಟೀರಿಯಗಳು ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವೊಂದನ್ನು ತಯಾರಿಸುತ್ತವೆ ಎಂಬುದೇ ಆ ವರದಿಯ ತಿರುಳು. ಕಿಣ್ವವೆಂದರೆ ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು. ಪೆನಿಸಿಲಿನ್ನನ್ನು ಮುರಿಯುವ ಈ ಕಿಣ್ವಕ್ಕೆ ಪೆನಿಸಿಲಿನೇಸ್ ಎಂದು ಹೆಸರಾಯಿತು. ಔಷಧ ಸರಿಯಾಗಿ ಹುಟ್ಟುವ ಮೊದಲೇ ಅದನ್ನು ಸೋಲಿಸುವ ಆಯುಧ ಸೂಕ್ಷ್ಮಜೀವಿಯ ಕೈಯಲ್ಲಿತ್ತು!

ಈ ಆಯುಧ ಕೆಲಸ ಮಾಡುವ ಬಗೆಯನ್ನು ನೋಡೋಣ. ಪೆನಿಸಿಲಿನ್ ಅಣುವಿನ ನಡುವೆ ನಾಲ್ಕು ಮೂಲೆಯ ಪುಟ್ಟ ಉಂಗುರವೊಂದಿದೆ. ಮೂರು ಮೂಲೆಗಳಲ್ಲಿ ಕಾರ್ಬನ್ ಪರಮಾಣು, ನಾಲ್ಕನೆಯದರಲ್ಲಿ ನೈಟ್ರೊಜನ್. ಬೀಟಾ-ಲ್ಯಾಕ್ಟಂ ಉಂಗುರ ಎಂದು ಅದರ ಹೆಸರು. ಬ್ಯಾಕ್ಟೀರಿಯ ತನ್ನ ಗೋಡೆ ಕಟ್ಟಿಕೊಳ್ಳುವುದನ್ನು ತಡೆಯುವ ಶಕ್ತಿಯಿರುವುದು ಈ ಉಂಗುರದಲ್ಲೇ. ಪೆನಿಸಿಲಿನೇಸ್ ಮಾಡುವುದೇನು? ಕತ್ತರಿಯಂತೆ ಬಂದು, ನೀರಿನ ಒಂದು ಅಣುವನ್ನು ಸೇರಿಸಿ ಉಂಗುರವನ್ನು ಕತ್ತರಿಸಿಬಿಡುತ್ತದೆ. ಅಲ್ಲಿಗೆ ಔಷಧ ನಿಷ್ಪ್ರಯೋಜಕ.

ಆದರೆ ಕತ್ತರಿ ಹಾಕಿದಲ್ಲಿ ಒಂದು ಗುರುತು ಉಳಿಯುತ್ತದೆ. ಉಂಗುರ ತೆರೆದಾಗ ಪೆನಿಸಿಲಿನ್ ಹೋಗಿ ಪೆನಿಸಿಲ್ಲೊಯಿಕ್ ಆಮ್ಲವಾಗುತ್ತದೆ. ಹಾಗೆ ಕತ್ತರಿಸಿದ ಪ್ರತಿಯೊಂದು ಅಣುವಿನಿಂದಲೂ ಒಂದು ಹೈಡ್ರೊಜನ್ ಅಯಾನು ಬಿಡುಗಡೆಯಾಗುತ್ತದೆ. ಅಂದರೆ ಸುತ್ತಲಿನ ದ್ರವ ಕೊಂಚ ಹುಳಿಯಾಗುತ್ತದೆ. ಎಷ್ಟು ಪೆನಿಸಿಲಿನ್ ಇತ್ತೋ ಅಷ್ಟು ಹುಳಿ. ಹುಳಿಯನ್ನು ಅಳೆದರೆ ಪೆನಿಸಿಲಿನ್ನನ್ನು ಅಳೆದಂತೆಯೇ ಆಯಿತಲ್ಲ! ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತಾರೆ ಹಿರಿಯರು. ಇಲ್ಲಿ ಆದದ್ದು ಅದೇ.

ಹುಳಿಯಿಂದ ವಿದ್ಯುತ್ತಿಗೆ

ಹುಳಿಯನ್ನು ಅಂಕಿಯಲ್ಲಿ ಹೇಳುವ 'ಪಿಎಚ್' ಮಾನವನ್ನು ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ಕೊಟ್ಟ. ಶುದ್ಧ ನೀರಿಗೆ 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಒಂದು ಅಂಕಿ ಇಳಿದರೆ ಹೈಡ್ರೊಜನ್ ಅಯಾನುಗಳು ಹತ್ತು ಪಟ್ಟು ಹೆಚ್ಚಿದವೆಂದು ಅರ್ಥ. ಲಿಟ್ಮಸ್ ಕಾಗದ ಇದನ್ನು ಬಣ್ಣದಿಂದ ಹೇಳಿದರೆ, ತೆಳುಗಾಜಿನ ಬುರುಡೆಯುಳ್ಳ ವಿದ್ಯುದಗ್ರ ವೋಲ್ಟೇಜಿನಿಂದ ಹೇಳುತ್ತದೆ. ಕಾಲೇಜಿನ ಪ್ರಯೋಗಶಾಲೆಯ ಪಿಎಚ್ ಮೀಟರಿನಲ್ಲಿ ಇರುವುದು ಇದೇ. ಪಿಎಚ್ ಒಂದು ಅಂಕಿ ಬದಲಾದರೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸವಾಗುತ್ತದೆ. ಟಾರ್ಚಿನ ಶೆಲ್ಲಿನ ಒಂದೂವರೆ ವೋಲ್ಟನ್ನು ಇಪ್ಪತ್ತೈದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಸಣ್ಣದೇ, ಆದರೆ ಸುಲಭವಾಗಿ ಅಳೆಯಬಹುದಾದದ್ದು.

ಕಿಣ್ವವನ್ನೂ ವಿದ್ಯುದಗ್ರವನ್ನೂ ಜೊತೆಗೂಡಿಸುವ ಉಪಾಯವನ್ನು ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಸಂಗಡಿಗನೊಬ್ಬನೊಡನೆ ಸೂಚಿಸಿದ್ದ. ಆತನ ಗುರಿ ರಕ್ತದ ಸಕ್ಕರೆ. ಇಂದು ಮನೆಮನೆಯಲ್ಲಿರುವ ಸಕ್ಕರೆ ಅಳೆಯುವ ಯಂತ್ರ ಆ ವಂಶದ್ದೇ. 1973ರಲ್ಲಿ ಪಾಪರಿಯೆಲ್ಲೊ ಮತ್ತು ಸಂಗಡಿಗರು ಅದೇ ದಾರಿಯಲ್ಲಿ ಪೆನಿಸಿಲಿನ್ನಿಗೆ ಒಂದು ವಿದ್ಯುದಗ್ರವನ್ನು ಮಾಡಿದರು. ಗಾಜಿನ ಬುರುಡೆಯ ಮೇಲೆ ಲೋಳೆಯಂಥ ತೆಳು ಪದರ. ಆ ಪದರದೊಳಗೆ ಸೆರೆಸಿಕ್ಕ ಪೆನಿಸಿಲಿನೇಸ್. ದ್ರವದಲ್ಲಿ ಅದ್ದಿದಾಗ ಪೆನಿಸಿಲಿನ್ ಪದರದೊಳಕ್ಕೆ ನುಸುಳುತ್ತದೆ, ಕತ್ತರಿಗೆ ಸಿಗುತ್ತದೆ, ಆಮ್ಲವಾಗುತ್ತದೆ. ಗಾಜಿನ ಬುರುಡೆ ಆ ಹುಳಿಯನ್ನು ವೋಲ್ಟೇಜಾಗಿ ಹೇಳುತ್ತದೆ. 1980ರಲ್ಲಿ ಕಾರಸ್ ಮತ್ತು ಯಾನಾಟ ಎಂಬವರು ಗಾಜಿನ ಬದಲು ಟ್ರಾನ್ಸಿಸ್ಟರಿನ ಮೇಲೇ ಇದೇ ಕಿಣ್ವವನ್ನು ಕೂರಿಸಿ, ಸಾಧನ ಎಷ್ಟು ಚಿಕ್ಕದಾಗಬಲ್ಲದು ಎಂಬುದನ್ನು ತೋರಿಸಿದರು.

ಈಗ ಸಂವೇದಕದ ಒಳಗುಟ್ಟು ತಿಳಿಯಿತಲ್ಲ? ಅದರಲ್ಲಿ ಇಬ್ಬರು ಕೆಲಸಗಾರರು. ನೂರಾರು ವಸ್ತುಗಳ ಸಂತೆಯಲ್ಲಿ ಬೇಕಾದ ಒಂದನ್ನು ಗುರುತಿಸುವವನು ಒಬ್ಬ, ಗುರುತಿಸಿದ್ದನ್ನು ವಿದ್ಯುತ್ತಿನ ಭಾಷೆಯಲ್ಲಿ ಹೇಳುವವನು ಇನ್ನೊಬ್ಬ.

ರಕ್ತವೆಂಬ ಸಂತೆ

1973ರಲ್ಲೇ ಆಗಿದ್ದರೆ ಇಷ್ಟು ಹೊತ್ತಿಗೆ ಅದು ಅಂಗಡಿಗೆ ಬರಬೇಕಿತ್ತಲ್ಲ ಎಂದು ನೀವು ಕೇಳಬಹುದು. ಬೀಕರಿನ ನೀರಿನಲ್ಲಿ ಪೆನಿಸಿಲಿನ್ ಕರಗಿಸಿ ಅಳೆಯುವುದು ಬೇರೆ, ರಕ್ತದಲ್ಲಿ ಅಳೆಯುವುದು ಬೇರೆ.

ಮೊದಲನೆಯ ತೊಡಕು ಪ್ರಮಾಣದ್ದು. ಆರೋಗ್ಯವಂತನ ಒಂದು ಲೀಟರ್ ರಕ್ತದಲ್ಲಿ ಸುಮಾರು ಒಂದು ಗ್ರಾಂ ಸಕ್ಕರೆ ಇರುತ್ತದೆ. ಪ್ರತಿಜೀವಕ ಇರುವುದು ಕೆಲವು ಮಿಲಿಗ್ರಾಂಗಳಷ್ಟು, ಹೆಚ್ಚೆಂದರೆ ಕೆಲವು ಹತ್ತು ಮಿಲಿಗ್ರಾಂ. ಸಕ್ಕರೆ ಜಾತ್ರೆಯ ಜನಜಂಗುಳಿಯಾದರೆ, ಪ್ರತಿಜೀವಕ ಅದರಲ್ಲಿ ತಪ್ಪಿಸಿಕೊಂಡ ಮಗು.

ಎರಡನೆಯದು ರಕ್ತದ ಹಟ. ರಕ್ತ ತನ್ನ ಪಿಎಚ್ ಮಟ್ಟವನ್ನು 7.4ರ ಆಸುಪಾಸಿನಲ್ಲೇ ಕಾಯ್ದುಕೊಳ್ಳುತ್ತದೆ. ಅದರಲ್ಲಿರುವ ಬೈಕಾರ್ಬನೇಟ್ ಮುಂತಾದವು ಹುಳಿ ಹುಟ್ಟಿದಲ್ಲೇ ಅದನ್ನು ನುಂಗಿಬಿಡುತ್ತವೆ. ನಮ್ಮ ಜೀವ ಉಳಿಸುವ ಗುಣವೇ ಸಂವೇದಕದ ಸಂಕೇತವನ್ನು ಮಂಕಾಗಿಸುತ್ತದೆ.

ಮೂರನೆಯದು ಅಂಟು. ರಕ್ತದ ಪ್ರೋಟೀನುಗಳು ವಿದ್ಯುದಗ್ರದ ಮೇಲೆ ಹಾಲಿನ ಪಾತ್ರೆಯ ಕೆನೆಯ ಹಾಗೆ ಮೆತ್ತಿಕೊಳ್ಳುತ್ತವೆ. ಹೊತ್ತು ಹೋದಂತೆ ಸಂಕೇತ ಕ್ಷೀಣಿಸುತ್ತದೆ.

ನಾಲ್ಕನೆಯದು ಸುಳ್ಳುಸಾಕ್ಷಿಗಳ ಕಾಟ. ಪಿಎಚ್ ನೋಡದೆ, ವಸ್ತುವಿನಿಂದ ನೇರವಾಗಿ ಎಲೆಕ್ಟ್ರಾನು ಕಿತ್ತುಕೊಂಡು ಆ ಪ್ರವಾಹವನ್ನು ಅಳೆಯುವ ಸಂವೇದಕಗಳೂ ಇವೆ. ಆದರೆ ರಕ್ತದಲ್ಲಿರುವ ವಿಟಮಿನ್ 'ಸಿ', ಯೂರಿಕ್ ಆಮ್ಲ, ಜ್ವರಕ್ಕೆಂದು ನುಂಗಿದ ಪ್ಯಾರಸಿಟಮಾಲ್ – ಇವೂ ವಿದ್ಯುದಗ್ರಕ್ಕೆ ಎಲೆಕ್ಟ್ರಾನು ಕೊಡಲು ತುದಿಗಾಲಿನಲ್ಲಿ ನಿಂತಿರುತ್ತವೆ. ಬಂದ ಪ್ರವಾಹದಲ್ಲಿ ಯಾರ ಪಾಲು ಎಷ್ಟು ಎಂದು ಹೇಳುವುದು ಹೇಗೆ?

ಚರ್ಮದ ಮೇಲಿನ ಪಟ್ಟಿ, ಚಿನ್ನದ ಮೇಲಿನ ದಾರ

ಈ ತೊಡಕುಗಳನ್ನು ಒಂದೊಂದಾಗಿ ಬಿಡಿಸುವ ಕೆಲಸ ನಡೆದಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ರಕ್ತಕ್ಕೆ ಕೈಹಾಕದೆ, ಚರ್ಮದ ಜೀವಕೋಶಗಳ ನಡುವೆ ಇರುವ ದ್ರವವನ್ನು ಆರಿಸಿಕೊಂಡರು. ಸುಮಾರು ಒಂದು ಮಿಲಿಮೀಟರ್ ಉದ್ದದ ಸೂಜಿಗಳ ಪುಟ್ಟ ಪಟ್ಟಿ; ಸೂಜಿಗಳ ಮೇಲೆ ಹುಳಿಯನ್ನು ಗ್ರಹಿಸುವ ಇರಿಡಿಯಂ ಆಕ್ಸೈಡ್; ಅದರ ಮೇಲೆ ಲೋಳೆಯ ಪದರದಲ್ಲಿ ನಮ್ಮ ಹಳೆಯ ಪರಿಚಯದ ಕತ್ತರಿ. ಆರೋಗ್ಯವಂತ ಸ್ವಯಂಸೇವಕರಿಗೆ ಪೆನಿಸಿಲಿನ್ ಮಾತ್ರೆ ನುಂಗಿಸಿ, ತೋಳಿಗೆ ಈ ಪಟ್ಟಿಯನ್ನು ಅಂಟಿಸಿ, ಔಷಧದ ಏರಿಳಿತವನ್ನು ಅದು ಹಿಂಬಾಲಿಸಬಲ್ಲದೆಂದು 2019ರಲ್ಲಿ ತೋರಿಸಿದರು. ಮನುಷ್ಯರ ಮೇಲೆ ಅದರ ಮೊದಲ ಪರೀಕ್ಷೆ ಅದು.

ಈ ಕತ್ತರಿಗೆ ಒಗ್ಗುವುದು ಬೀಟಾ-ಲ್ಯಾಕ್ಟಂ ಉಂಗುರವಿರುವ ಔಷಧಗಳು ಮಾತ್ರ. ಜೆಂಟಾಮೈಸಿನ್, ಕ್ಯಾನಮೈಸಿನ್, ವ್ಯಾಂಕೊಮೈಸಿನ್‌ಗಳಲ್ಲಿ ಆ ಉಂಗುರವೇ ಇಲ್ಲ. ಅವುಗಳಿಗೆ ಕ್ಯಾಲಿಫೋರ್ನಿಯದ ಕೆವಿನ್ ಪ್ಲಾಕ್ಸ್‌ಕೊ ಮತ್ತು ಸಂಗಡಿಗರು ಬೇರೆಯೇ ಉಪಾಯ ಹೂಡಿದ್ದಾರೆ. ಚಿನ್ನದ ವಿದ್ಯುದಗ್ರಕ್ಕೆ ಡಿಎನ್‌ಎಯ ಚಿಕ್ಕದೊಂದು ಎಳೆಯ ಒಂದು ತುದಿಯನ್ನು ಕಟ್ಟುತ್ತಾರೆ. ಇನ್ನೊಂದು ತುದಿಗೆ, ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತಿರುವ ಮೆಥಿಲೀನ್ ಬ್ಲೂ ಬಣ್ಣದ ಅಣು. ಬೇಕಾದ ಔಷಧ ಬಂದು ಕೂತೊಡನೆ ಎಳೆ ಮಡಿಚಿಕೊಳ್ಳುತ್ತದೆ. ಬಣ್ಣದ ಅಣುವಿಗೂ ಚಿನ್ನಕ್ಕೂ ನಡುವೆ ಎಲೆಕ್ಟ್ರಾನು ಹಾಯುವ ವೇಗ ಬದಲಾಗುತ್ತದೆ. ಔಷಧ ಬಿಟ್ಟುಹೋದರೆ ಎಳೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಒಂದು ಸಲ ಬಳಸಿ ಬಿಸಾಡಬೇಕಿಲ್ಲ, ಬಿಡದೆ ನೋಡುತ್ತಿರಬಹುದು. ಓಡಾಡಿಕೊಂಡಿದ್ದ ಇಲಿಗಳ ರಕ್ತನಾಳದಲ್ಲೇ ಇಂಥ ಸಂವೇದಕವನ್ನಿಟ್ಟು ಔಷಧದ ಮಟ್ಟವನ್ನು ಅಳೆದದ್ದನ್ನು ಅವರು 2017ರಲ್ಲಿ ಪ್ರಕಟಿಸಿದರು. 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಸಂವೇದಕ ಹೇಳಿದ ಲೆಕ್ಕ ನೋಡಿಕೊಂಡು ಪಂಪೇ ವ್ಯಾಂಕೊಮೈಸಿನ್ನನ್ನು ಹೆಚ್ಚು ಕಡಿಮೆ ಮಾಡುತ್ತ ಇಲಿಯ ರಕ್ತದಲ್ಲಿ ಒಂದೇ ಮಟ್ಟವನ್ನು ಕಾಯ್ದಿತು.

ಆದರೂ ಸಕ್ಕರೆ ಯಂತ್ರದಂತೆ ಔಷಧ ಅಂಗಡಿಯಲ್ಲಿ ಕೊಂಡು ತರಬಹುದಾದ ಪ್ರತಿಜೀವಕ ಮಾಪಕ ಇನ್ನೂ ಬಂದಿಲ್ಲ. ಆರೋಗ್ಯವಂತರ ತೋಳಿನಿಂದ ತೀವ್ರ ನಿಗಾ ಘಟಕದ ರೋಗಿಯವರೆಗೆ ದೂರ ಬಹಳವಿದೆ.

ಹಾಲಿನಲ್ಲೂ ಉಂಟು

ಅಳೆಯಬೇಕಾದದ್ದು ಮನುಷ್ಯನ ರಕ್ತದಲ್ಲಿ ಮಾತ್ರವಲ್ಲ. ಹಸುವಿಗೆ ಕೆಚ್ಚಲು ಬಾವು ಬಂದರೆ ಪಶುವೈದ್ಯರು ಪ್ರತಿಜೀವಕ ಕೊಡುತ್ತಾರೆ. ಅದರ ಅಂಶ ಕೆಲವು ದಿನ ಹಾಲಿನಲ್ಲೂ ಇಳಿಯುತ್ತದೆ. ಆ ಹಾಲನ್ನು ಡೈರಿಗೆ ಹಾಕಬಾರದು. ಕಾಯಿಸಿದರೆ ಎಲ್ಲ ಹೋಗುತ್ತದೆಂಬ ನಂಬಿಕೆ ಸರಿಯಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರಬಹುದು. ಹೆಪ್ಪಿನ ಬ್ಯಾಕ್ಟೀರಿಯಗಳೂ ಬ್ಯಾಕ್ಟೀರಿಯಗಳೇ ತಾನೆ? ಪೆನಿಸಿಲಿನ್ ಒಗ್ಗದವರಿಗೆ ಅಂಥ ಹಾಲಿನಿಂದ ಅಪಾಯವೂ ಉಂಟು.

ಆಹಾರದ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗ ಒಂದು ಲೀಟರ್ ಹಾಲಿನಲ್ಲಿ ಪೆನಿಸಿಲಿನ್-ಜಿ 4 ಮೈಕ್ರೋಗ್ರಾಂ ಮೀರಬಾರದೆಂದು ಹೇಳಿದೆ. ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು! ಇದನ್ನು ಕಂಡುಹಿಡಿಯಲು ಬಳಕೆಯಲ್ಲಿರುವ ಒಂದು ವಿಧಾನ, ಬಿಸಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯವನ್ನು ಹಾಲಿನ ಜೊತೆ ಬೆಚ್ಚಗಿಡುವುದು. ಹಾಲು ಶುದ್ಧವಾಗಿದ್ದರೆ ಅದು ಬೆಳೆದು, ಹುಳಿ ಹುಟ್ಟಿಸಿ, ನೇರಳೆ ಬಣ್ಣವನ್ನು ಹಳದಿ ಮಾಡುತ್ತದೆ. ಪ್ರತಿಜೀವಕವಿದ್ದರೆ ಬಣ್ಣ ಬದಲಾಗದು. ಇದಕ್ಕೆ ಸುಮಾರು ಮೂರು ಗಂಟೆ ಬೇಕು. ಹಾಲು ಸುರಿಯುವ ಹೊತ್ತಿಗೇ, ಕ್ಯಾನಿನ ಬಳಿಯಲ್ಲೇ ಉತ್ತರ ಕೊಡುವ ಸಂವೇದಕಕ್ಕಾಗಿ ಹುಡುಕಾಟ ನಡೆದಿರುವುದು ಇದಕ್ಕೇ.

ಅಡುಗೆಮನೆಯ ಪ್ರಯೋಗ

ರಕ್ತ ಹುಳಿಯನ್ನು ನುಂಗುವ ಬಗೆಯನ್ನು ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು. ನಾಲ್ಕಾರು ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಬಣ್ಣದ ನೀರು ಮಾಡಿಕೊಳ್ಳಿ. ತಣಿದ ಮೇಲೆ ಎರಡು ಲೋಟಗಳಿಗೆ ಸಮನಾಗಿ ಹಂಚಿ. ಒಂದನ್ನು ಹಾಗೆಯೇ ಬಿಡಿ. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ಕಲಕಿ. ಬಣ್ಣ ಹಸಿರಿನತ್ತ ತಿರುಗುತ್ತದೆ. ಈಗ ಎರಡಕ್ಕೂ ನಿಂಬೆರಸವನ್ನು ತೊಟ್ಟು ತೊಟ್ಟಾಗಿ ಎಣಿಸುತ್ತ ಹಾಕಿ. ಮೊದಲನೆಯದು ಕೆಲವೇ ತೊಟ್ಟುಗಳಿಗೆ ಕೆಂಪಗಾಗುತ್ತದೆ. ಎರಡನೆಯದು ನೊರೆಗರೆಯುತ್ತ ತೊಟ್ಟು ತೊಟ್ಟನ್ನೂ ನುಂಗುತ್ತದೆ, ಕೆಂಪಗಾಗಲು ಬಹಳ ತಡಮಾಡುತ್ತದೆ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬನೇಟ್. ರಕ್ತದಲ್ಲಿರುವುದೂ ಬೈಕಾರ್ಬನೇಟೇ. ಎರಡು ಲೋಟಗಳ ತೊಟ್ಟುಗಳ ಲೆಕ್ಕವನ್ನು ಬರೆದಿಡಿ. ಸಂವೇದಕ ಕಟ್ಟುವವರ ಕಷ್ಟ ಏನೆಂದು ಆ ಎರಡು ಅಂಕಿಗಳೇ ಹೇಳುತ್ತವೆ.

ತಂದೆತಾಯಿಗಳಿಗೆ ಒಂದು ಮಾತು

ಫ್ಲೆಮಿಂಗ್ 1945ರ ತನ್ನ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದ: ಪೆನಿಸಿಲಿನ್ನನ್ನು ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳುವ ಕಾಲ ಬಂದರೆ, ತಿಳಿಯದವರು ಸಾಲದಷ್ಟು ಪ್ರಮಾಣದಲ್ಲಿ ಸೇವಿಸಿ ರೋಗಾಣುಗಳಿಗೆ ಅದನ್ನು ತಡೆದುಕೊಳ್ಳುವ ಪಾಠ ಕಲಿಸಿಬಿಡಬಹುದು ಎಂದು. ಆ ಕಾಲ ಬಂದಿದೆ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳ ಕಾರಣದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ನಮ್ಮ ದೇಶದಲ್ಲಿ ಕೆಲವು ಮುಖ್ಯ ಪ್ರತಿಜೀವಕಗಳನ್ನು 'ಎಚ್-1' ಅನುಸೂಚಿಗೆ ಸೇರಿಸಿ, ಅವುಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ 2014ರ ಮಾರ್ಚಿನಿಂದ ಜಾರಿಯಲ್ಲಿದೆ.

ಸಂವೇದಕ ಎಷ್ಟೇ ಚುರುಕಾದರೂ ಔಷಧ ಎಷ್ಟಿದೆಯೆಂದು ಹೇಳೀತೇ ಹೊರತು, ಅದು ಬೇಕಿತ್ತೇ ಎಂದು ಹೇಳಲಾರದು. ನೆಗಡಿ ಬರುವುದು ವೈರಸ್ಸಿನಿಂದ. ವೈರಸ್ಸಿಗೆ ಪ್ರತಿಜೀವಕ ತಾಗುವುದೇ ಇಲ್ಲ. ಆದ್ದರಿಂದ ಮಗುವಿಗೆ ಮೂಗು ಸೋರಿದ ಕೂಡಲೇ ಆಂಟಿಬಯಾಟಿಕ್ ಬರೆದುಕೊಡಿ ಎಂದು ವೈದ್ಯರನ್ನು ಪೀಡಿಸಬೇಡಿ. ಹಿಂದಿನ ಸಲ ಉಳಿದ ನಾಲ್ಕು ಮಾತ್ರೆಗಳನ್ನು ಡಬ್ಬಿಯಿಂದ ತೆಗೆದು ಕೊಡಬೇಡಿ. ವೈದ್ಯರು ಬರೆದುಕೊಟ್ಟಾಗ ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ ಎಂದು ಕೇಳಿ ಬರೆದುಕೊಳ್ಳಿ, ಅದರಂತೆಯೇ ಕೊಡಿ. ಎಂಟು ಗಂಟೆಗೊಮ್ಮೆ ಎಂದು ಬರೆದಿದ್ದರೆ ಅದು ರಕ್ತದಲ್ಲಿ ಔಷಧದ ಮಟ್ಟ ಇಳಿದುಹೋಗದಿರಲೆಂದು ಹಾಕಿದ ಲೆಕ್ಕ. ತೋಳಿಗೆ ಅಂಟಿಸುವ ಪಟ್ಟಿ ನಮ್ಮ ಊರಿನ ಆಸ್ಪತ್ರೆಗೆ ಬರುವವರೆಗೆ ಆ ಲೆಕ್ಕವನ್ನು ಕಾಯುವುದಕ್ಕೆ ಮನೆಯ ಗಡಿಯಾರವೇ ಸಾಕು.